ಅಕ್ಕ ಮೇಡಂ ಆದದ್ದು

ನಮ್ಮ ಅಕ್ಕ ಬಸ್ ಡಿಪೋದಲ್ಲಿ ಡ್ಯೂಟಿ ಹಾಕುವ ಗುಮಾಸ್ತೆ. ಯಾವ ಡ್ರೈವರ್ ಯಾವ ಬಸ್ಸಿಗೆ, ಯಾವ ಕಂಡಕ್ಟರಿಗೆ ಯಾವತ್ತು ರಜೆ, ಯಾರಿಗೆ ರಾತ್ರಿ ಪಾಳಿ, ಯಾರಿಗೆ ಬೆಳಗಿನದು ಎಂದು ಬರೆದು ಗೋಡೆಗೆ ಅಂಟಿಸುವುದು ಅವಳ ಕೆಲಸ. ಕೇಳೋಕೆ ಸುಲಭ. ಅವಳ ಕಿಟಕಿಯ ಹಿಂದೆ ಒಂದು ಬೆಳಗ್ಗೆ ಕೂತು ನೋಡಬೇಕು. ಒಬ್ಬನಿಗೆ ಭಾವಮೈದುನನ ಮನೆ ಬದಲಾಯಿಸಬೇಕು, ಇನ್ನೊಬ್ಬನಿಗೆ ಹಲ್ಲುನೋವು, ಮತ್ತೊಬ್ಬಳಿಗೆ ಮಗುವಿನ ಶಾಲೆಯಿಂದ ಕರೆ ಬಂದಿದೆ. ಹಲ್ಲುನೋವಿನವನು ಟಾಕೀಸಿನ ಮುಂದೆ ಕಡಲೆಕಾಯಿ ಕಡಿಯುತ್ತಿದ್ದ ಸುದ್ದಿಯೂ ಮಾರನೆಯ ದಿನ ಅದೇ ಕಿಟಕಿಗೆ ಬರುತ್ತದೆ. ಮೊದಲೆಲ್ಲ ಮೇಜಿನಷ್ಟು ಅಗಲದ ಹಾಳೆ, ಪೆನ್ಸಿಲ್, ರಬ್ಬರ್ ಇಟ್ಟುಕೊಂಡು ಬರೆದು ಅಳಿಸಿ ಮಾಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಮಡಿಲಿನಿಂದ ರಬ್ಬರ್ ಪುಡಿ ಉದುರುತ್ತಿತ್ತು, ಅಮ್ಮ ಪೊರಕೆ ಹಿಡಿದು ಹಿಂದೆಯೇ ಬರುತ್ತಿದ್ದಳು.

ನಾನು ಅವಳ ತಂಗಿ, ನರ್ಸು. ವಯಸ್ಸಿನಲ್ಲಿ ಅಕ್ಕನಿಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು ಎಂದು ಅಮ್ಮ ಹೇಳುತ್ತಾಳೆ. ಹಾಗಾಗಿಯೇ ಇದನ್ನು ನಾನು ಹೇಳುತ್ತಿದ್ದೇನೆ. ಅಕ್ಕನಿಗೆ ಬಿಟ್ಟರೆ ‘ಹೋಗ್ಲಿ ಬಿಡು’ ಎಂದು ಮುಗಿಸಿಬಿಡುತ್ತಾಳೆ. ನನಗೆ ಹೋಗಲಿ ಬಿಡು ಅನ್ನುವ ಗುಣ ಇಲ್ಲ, ಇದ್ದರೂ ಈ ವಿಷಯದಲ್ಲಿ ಖರ್ಚು ಮಾಡುವುದಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿದವಳನ್ನು ಅದೇ ಮಧ್ಯಾಹ್ನ ಮತ್ತೆ ಕರೆಯುವ ಚಾಳಿ ಇತ್ತು. ಜನ ಕಡಿಮೆ, ಏನು ಮಾಡೋದು ಅನ್ನುತ್ತಿದ್ದರು. ಹಾಗೆ ಎರಡೂ ಮುಗಿಸಿ ಬಂದ ಒಂದು ದಿನ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಲ್ಲೇ ನಿದ್ದೆ ಹತ್ತಿ ಉರುಳಿಬಿದ್ದೆ. ಎಡಗೈಯ ಮಣಿಕಟ್ಟು ಮುರಿಯಿತು. ಅಮ್ಮ ಊರಿಗೆಲ್ಲ ಕೇಳುವಂತೆ ಅತ್ತಳು. ಅಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ. ಪ್ಲಾಸ್ಟರ್ ಹಾಕಿದ ನನ್ನ ಕೈಯನ್ನು ದಿಂಬಿನ ಮೇಲಿಟ್ಟು, ವಾರ್ಡಿನ ಡ್ಯೂಟಿ ಹಾಳೆ ತರಿಸಿಕೊಂಡು ನೋಡಿದಳು. "ಇದನ್ನ ಹಾಕಿದೋರ ಹತ್ರ ರಬ್ಬರ್ ಇರ್ಲಿಲ್ವಾ?" ಎಂದು ಕೇಳಿದಳು.

ಅಲ್ಲಿಂದ ‘ಪಾಳಿ’ ಶುರುವಾಯಿತು. ಅಕ್ಕ ಆಗ ಸಂಜೆ ತರಗತಿಗೆ ಹೋಗಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದಳು. ಕಲಿತದ್ದನ್ನೆಲ್ಲ ಸುರಿದು, ಡ್ಯೂಟಿ ಹಾಳೆಯನ್ನು ತಾನೇ ತಯಾರಿಸುವ ಒಂದು ಪ್ರೋಗ್ರಾಂ ಮಾಡಿದಳು. ಜನರ ಹೆಸರು, ರಜೆ, ಬೇಕು ಬೇಡಗಳನ್ನು ಕೊಟ್ಟರೆ ಅದು ತಿಂಗಳ ಹಾಳೆ ಹಾಕಿಕೊಡುತ್ತದೆ. ಅದರಲ್ಲಿ ಯಾರೂ ಅಲುಗಾಡಿಸಲಾಗದ ಒಂದು ನಿಯಮ ಇಟ್ಟಳು: ರಾತ್ರಿ ಪಾಳಿ ಮಾಡಿದವರಿಗೆ ಮಾರನೆಯ ದಿನ ಪೂರ್ತಿ ಬಿಡುವು. ಮೇಲಧಿಕಾರಿ ಬಂದು ತಲೆಕೆಳಗಾಗಿ ನಿಂತರೂ ಪ್ರೋಗ್ರಾಂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಮಣಿಕಟ್ಟಿನ ನಿಯಮ ಅಂತಲೇ ಹೆಸರು. ಆಮೇಲೆ ಆ ಪ್ರೋಗ್ರಾಮನ್ನು ಓಪನ್ ಸೋರ್ಸ್ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟಳು. ಅಂದರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಹೇಗಿದೆ ನೋಡಬಹುದು, ತಿದ್ದುಪಡಿ ಕಳಿಸಬಹುದು. ಕಳಿಸಿದ್ದನ್ನು ಸೇರಿಸಬೇಕೋ ಬೇಡವೋ ಅನ್ನುವುದು ಮಾತ್ರ ನಡೆಸುವವರ ಕೈಲಿ.

ಮೊದಲು ಬಂದವನು ಗುಬ್ಬಚ್ಚಿ. ಅದು ಅವನು ಇಂಟರ್‌ನೆಟ್ಟಿನಲ್ಲಿ ಇಟ್ಟುಕೊಂಡ ಹೆಸರು. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ನಮ್ಮ ಊರಿನಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ತಿದ್ದುಪಡಿ ಕಳಿಸುತ್ತ ಕಳಿಸುತ್ತ ಒಂದು ಭಾನುವಾರ ಮನೆಗೇ ಬಂದ, ಆಮೇಲೆ ಭಾನುವಾರಗಳು ಅವನದ್ದೇ ಆದವು. ಅಡಿಗೆಮನೆಯ ಸೋರುವ ನಲ್ಲಿ ಸರಿಮಾಡಿದ. ಅಮ್ಮ ಅವನ ತಟ್ಟೆಗೆ ಕೇಳದೆ ಎರಡನೇ ಸಲ ಬಡಿಸುತ್ತಿದ್ದಳು. ನಮಗಿಬ್ಬರಿಗೂ ಆ ಭಾಗ್ಯ ಇರಲಿಲ್ಲ. ಅಕ್ಕನನ್ನು ಅವನು ಅಕ್ಕಾ, ನೀನು ಎಂದೇ ಕರೆಯುತ್ತಿದ್ದ. ಒಡಹುಟ್ಟಿದವಳು ನಾನೇ ಒಂದೊಂದು ಸಲ ಅವಳನ್ನು ರೇಗಿಸುತ್ತೇನೆ, ಅವನ ಬಾಯಲ್ಲಿ ಒಂದು ದಿನವೂ ಎದುರು ಮಾತು ಬಂದಿರಲಿಲ್ಲ.

ಇನ್ನೂ ನಾಲ್ಕೈದು ಜನ ಸೇರಿದಾಗ ತಮಾಷೆಗೆ ಪದವಿಗಳನ್ನು ಹಂಚಿಕೊಂಡರು. ಅಕ್ಕ ‘ದೊರೆ’. ಗುಬ್ಬಚ್ಚಿಯಂಥವರು ‘ಮಂತ್ರಿ’. ಹೊಸಬರು ‘ಕಾಲಾಳು’. ಕಳಿಸಿದ ತಿದ್ದುಪಡಿಯನ್ನು ಹಗಲೂ ರಾತ್ರಿ ಪರೀಕ್ಷಿಸುವ ಯಂತ್ರಕ್ಕೆ ‘ಗುಲಾಮ’ ಎಂದು ಹೆಸರು. ಅಮ್ಮನಿಗೆ ವಿಷಯ ಗೊತ್ತಾದ ದಿನ, ನೆಂದ ಬಟ್ಟೆ ಒಣಗಿಸೋಕೆ ಮೈಬಗ್ಗದೋಳು ದೊರೆಯಂತೆ ಎಂದು ಬಕೆಟ್ಟನ್ನು ಅಕ್ಕನ ಮುಂದೆ ಕುಕ್ಕಿದಳು. ದೊರೆ ಎದ್ದು ಬಟ್ಟೆ ಒಣಗಿಸಿ ಬಂದಳು.

ಆಗಲೇ ಕೆಲಸದ ಕಟ್ಟಳೆಗಳನ್ನೂ ಅಕ್ಕ ಬರೆದಳು. ಇಲ್ಲಿ ಯಾರಿಗೂ ಸಂಬಳವಿಲ್ಲ, ಎಲ್ಲರೂ ಬಿಡುವಿನಲ್ಲಿ ಮಾಡುವವರು. ಏನಾದರೂ ಕೇಳಿದರೆ ಉತ್ತರವೇ ಬರುತ್ತಿರಲಿಲ್ಲ. ಆದ್ದರಿಂದ ಒಂದು ಪದ್ಧತಿ ಮಾಡಿದಳು. ಯಾವ ಬದಲಾವಣೆಯನ್ನಾದರೂ ಪ್ರಸ್ತಾಪವೆಂದು ಎಲ್ಲರಿಗೂ ಕಾಣುವಂತೆ ಒಂದು ವಾರ ಇಡಬೇಕು. ದೊರೆ, ಮಂತ್ರಿ ಪದವಿಯಲ್ಲಿರುವ ಯಾರಾದರೊಬ್ಬರು ‘ಬೇಡ’ ಎಂದರೆ ಅದು ನಿಂತಿತು. ವಾರ ಕಳೆದರೂ ಯಾರೂ ಬಾಯಿ ಬಿಡದಿದ್ದರೆ ಒಪ್ಪಿದ್ದಾರೆ ಎಂದೇ ಲೆಕ್ಕ. ಡಿಪೋದ ಕಿಟಕಿಯಲ್ಲಿ ಬೇಡ ಎನ್ನುವವರೇ ಸಾಲುಗಟ್ಟಿ ನಿಲ್ಲುತ್ತಿದ್ದರಲ್ಲ, ಸುಮ್ಮನಿರುವವರು ಒಪ್ಪಿದವರು ಎಂದು ಅವಳ ತಲೆಯಲ್ಲಿ ಕೂತಿತ್ತು. ತುಂಬ ಚೆನ್ನಾಗಿದೆ ಎಂದು ನಾನೂ ಹೊಗಳಿದ್ದೆ.

ಪಾಳಿ ಬೆಳೆಯಿತು. ನಮ್ಮ ಆಸ್ಪತ್ರೆ ತೆಗೆದುಕೊಂಡಿತು, ಅಕ್ಕನ ಡಿಪೋ ತೆಗೆದುಕೊಂಡಿತು, ಹೆಸರೇ ಕೇಳದ ಊರುಗಳ ಆಸ್ಪತ್ರೆಗಳೂ ತೆಗೆದುಕೊಂಡವು. ಹಾಗೆ ಬಂದವಳು ಮಿಂಚು ಎಂಬ ಹೆಸರಿನವಳು, ಎಲ್ಲೋ ದೂರದ ಆಸ್ಪತ್ರೆಯ ಕಚೇರಿಯಲ್ಲಿರುವವಳು. ಚುರುಕು ಅಂದರೆ ಚುರುಕು. ಸೇರಿದ ಸ್ವಲ್ಪ ದಿನಕ್ಕೆ ಅವಳೊಂದು ಮಾತು ಬರೆದಳು. ತನ್ನ ಅಜ್ಜಿ ಬದುಕಿಡೀ ಒಂದು ಮನೆಯ ಹಿಂಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು ‘ದೊರೆ’ ಅಂದವಳು, ಆ ಮನೆಯವರ ಬಾಯಲ್ಲಿ ಅಜ್ಜಿಯ ಹೆಸರು ಯಾವತ್ತೂ ಬರಲಿಲ್ಲ, ನಿಮಗಿದು ತಮಾಷೆ, ನನಗೆ ಈ ಪದ ಟೈಪು ಮಾಡುವಾಗ ಬೆರಳು ಬರುವುದಿಲ್ಲ ಎಂದು.

ಅಕ್ಕ ಅದನ್ನು ನಮಗೆ ಗಟ್ಟಿಯಾಗಿ ಓದಿ ಹೇಳಿದಳು. ಓದಿ ಮುಗಿಸಿ, ಮುಖ ಸಣ್ಣ ಮಾಡಿಕೊಂಡು ಕೂತಳು. ಗುಬ್ಬಚ್ಚಿಯೂ ಅಲ್ಲೇ ಊಟಕ್ಕೆ ಕೂತಿದ್ದ. ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ಜನ ಎಂದು ಅವನು ನಕ್ಕ. ಅಕ್ಕ ನಗಲಿಲ್ಲ. ಮಾರನೆಯ ದಿನವೇ ಮಿಂಚುವಿನ ಕ್ಷಮೆ ಕೇಳಿ, ಎಲ್ಲ ಪದವಿಗಳನ್ನೂ ಬದಲಾಯಿಸೋಣ, ಕರೆಯುವವರಿಗೂ ಕರೆಸಿಕೊಳ್ಳುವವರಿಗೂ ಮರ್ಯಾದೆ ಇರುವ ಹೆಸರುಗಳನ್ನು ಹೇಳಿ ಎಂದು ಎಲ್ಲರಿಗೂ ಬರೆದಳು.

ಆ ಚರ್ಚೆ ಒಂದು ಸಂತೆ. ಉತ್ತರವೇ ಕೊಡದವರೆಲ್ಲ ಎಲ್ಲಿದ್ದರೋ, ಹೆಸರಿಡೋಣ ಅಂದಕೂಡಲೇ ಬಂದು ಬಿದ್ದರು. ‘ನಾಯಕ’ ಅಂದರೆ ಹೆಂಗಸರು ಎಲ್ಲಿಗೆ ಹೋಗಬೇಕು ಎಂದರು. ‘ಮೇಲ್ವಿಚಾರಕರು’ ಅಂದಾಗ ಅಕ್ಕನೇ ಬೇಡವೆಂದಳು, ಡಿಪೋದಲ್ಲಿ ಆ ಪದ ಕೇಳಿದರೆ ಡ್ರೈವರುಗಳು ಟೀ ಲೋಟ ಬಚ್ಚಿಡುತ್ತಾರಂತೆ. ‘ಯಜಮಾನ’ ಎಂದವನನ್ನು ನಾಲ್ಕು ಜನ ಸೇರಿ ಓಡಿಸಿದರು. ಸುಮ್ಮನೆ ‘ಅಕ್ಕ’ ಅಂತಲೇ ಇಡೋಣ, ಎಲ್ಲರೂ ಹಾಗೇ ಕರೆಯುವುದಲ್ಲವೇ ಎಂದು ಒಬ್ಬರು ಬರೆದರು. ನಾಳೆ ಈ ಜಾಗಕ್ಕೆ ಬೇರೆಯವರು ಬರುತ್ತಾರೆ, ಅವರಿಗೆ ನನ್ನ ಅಂಗಿ ತೊಡಿಸಬೇಡಿ ಎಂದು ಅಕ್ಕ ಹೇಳಿದಳು. ಕೊನೆಗೆ ಅವಳೇ ಹೇಳಿದ ಹೆಸರುಗಳು ಎಲ್ಲರಿಗೂ ಹಿಡಿಸಿದವು. ನಡೆಸುವವರು ‘ಹೊಣೆಗಾರರು’, ಹೊಸಬರು ‘ಜೊತೆಗಾರರು’, ಯಂತ್ರ ಬರೀ ‘ತಪಾಸಕ’. ಈಗಲೂ ಹೇಳುತ್ತೇನೆ, ಒಳ್ಳೆಯ ಹೆಸರುಗಳು. ಮಿಂಚು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನನ್ನ ಸಿಟ್ಟು ಆ ಹೆಸರುಗಳ ಮೇಲಲ್ಲ.

ಇದರ ನಡುವೆ ಗುಬ್ಬಚ್ಚಿಗೆ ಒಂದು ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆಸ್ಪತ್ರೆಗಳಿಗೆ ಪಾಳಿಯನ್ನು ಕೂರಿಸಿಕೊಟ್ಟು ನೋಡಿಕೊಳ್ಳುವ ಕಂಪನಿ ಅದು. ನಮಗೆಲ್ಲ ಸಂತೋಷವೇ ಆಯಿತು, ಅಮ್ಮ ಮೂರನೇ ಸಲ ಬಡಿಸಿದಳು. ಅವನು ಊಟ ಮಾಡುತ್ತಲೇ ಒಂದು ವಿಷಯ ತೆಗೆದ. ಮಣಿಕಟ್ಟಿನ ನಿಯಮ ಬೇಕಾದವರು ಇಟ್ಟುಕೊಳ್ಳಲಿ, ಬೇಡದವರು ತೆಗೆದಿಡಲಿ ಎಂದು ಒಂದು ಸ್ವಿಚ್ ಕೊಟ್ಟರೆ ಕಂಪನಿಗೆ ಇನ್ನಷ್ಟು ಆಸ್ಪತ್ರೆಗಳು ಸಿಗುತ್ತವೆ ಅಂದ. ಅಕ್ಕ ನನ್ನ ಎಡಗೈ ಕಡೆ ನೋಡಿದಳು. "ಸ್ವಿಚ್ ಇಟ್ರೆ ಎಲ್ಲರೂ ಆಫ್ ಮಾಡ್ತಾರೆ ಕಣೋ. ಅದೊಂದು ಬೇಡ" ಎಂದಳು. ಆಯ್ತು ಬಿಡಕ್ಕಾ ಎಂದು ಅವನು ಮಜ್ಜಿಗೆ ಹಾಕಿಸಿಕೊಂಡ.

ಅದಾದ ಮೇಲೆ ಅಮ್ಮನಿಗೆ ಮಂಡಿಯ ಆಪರೇಷನ್ ಆಯಿತು, ನಮ್ಮ ಆಸ್ಪತ್ರೆಯಲ್ಲೇ. ಅಕ್ಕ ಡಿಪೋಗೆ ರಜೆ ಹಾಕಿ ಅಮ್ಮನ ಮಂಚದ ಪಕ್ಕದ ಕುರ್ಚಿಯಲ್ಲಿ ಬೀಡುಬಿಟ್ಟಳು. ಅಡ್ಮಿಟ್ ಮಾಡಿದ ದಿನ ಗುಬ್ಬಚ್ಚಿ ಫೋನು ಮಾಡಿದ. ಸ್ಪೀಕರ್ ಹಾಕಿತ್ತು, ಅಮ್ಮನೂ ನಾನೂ ಕೇಳಿಸಿಕೊಂಡೆವು. "ಅಕ್ಕಾ, ನೀನು ಅಮ್ಮನ ಕಡೆ ನೋಡ್ಕೋ. ಕಂಪ್ಯೂಟರ್ ಮುಟ್ಟಲೇಬೇಡ. ಇಲ್ಲೀದೆಲ್ಲ ನಾನು ನೋಡ್ಕೋತೀನಿ" ಅಂದ. ಹೊಟ್ಟೇಲಿ ಹುಟ್ಟಿದ ಮಗನೂ ಹೀಗನ್ನಲ್ಲ ಎಂದು ಅಮ್ಮ ಕಣ್ಣು ಒರೆಸಿಕೊಂಡಳು. ನಡುವೆ ಒಂದು ದಿನ ಹಣ್ಣು ತಗೊಂಡು ನೋಡಲೂ ಬಂದ. ಅಮ್ಮನ ಕಾಲು ಮುಟ್ಟಿ ನೋಡಿ, ಊತ ಇಳಿದಿದೆ ಅಂದ. ಹೊರಡುವಾಗ, ಕಂಪ್ಯೂಟರ್ ತೆಗೆದಿಲ್ಲ ತಾನೆ ಎಂದು ಅಕ್ಕನನ್ನು ಕೇಳಿದ. ಇಲ್ಲಪ್ಪ, ಎಲ್ಲಿ ಪುರುಸೊತ್ತು ಎಂದಳು ಅಕ್ಕ. ಒಳ್ಳೇದು ಎಂದು ಹೊರಟ. ಅವತ್ತು ಅವನು ತಂದ ಕಿತ್ತಳೆ ಹಣ್ಣನ್ನು ನಾನೇ ಸುಲಿದು ತಿಂದೆ.

ಅಮ್ಮನನ್ನು ಮನೆಗೆ ಕರೆತಂದ ಮೇಲೆ ಅಕ್ಕ ಕಂಪ್ಯೂಟರ್ ತೆಗೆದಳು. ಮೊದಲು ಕಣ್ಣಿಗೆ ಬಿದ್ದದ್ದು ಮಿಂಚು ಬರೆದ ಪತ್ರ. ‘ಇಷ್ಟು ದೊಡ್ಡ ಮನಸ್ಸು ಮಾಡಿ ನೀವಾಗಿಯೇ ಜಾಗ ಬಿಟ್ಟುಕೊಟ್ಟಿರಿ. ಇಂಥವರನ್ನು ನಾನು ನೋಡಿಲ್ಲ’ ಎಂದಿತ್ತು. ಯಾವ ಜಾಗ ಎಂದು ಅಕ್ಕ ತಬ್ಬಿಬ್ಬಾದಳು. ಹುಡುಕಿದರೆ ಸಿಕ್ಕಿತು. ಅಮ್ಮನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನವೇ ಗುಬ್ಬಚ್ಚಿ ಒಂದು ಪ್ರಸ್ತಾಪ ಇಟ್ಟಿದ್ದ. ಮೇಲೆ ಅಕ್ಕನದೇ ಹೆಸರುಗಳು, ಹೊಣೆಗಾರರು, ಜೊತೆಗಾರರು. ಅವನ್ನು ಎಲ್ಲರೂ ಆಗಲೇ ಒಪ್ಪಿದ್ದರಿಂದ ಯಾರೂ ಕೆಳಗಿನದನ್ನು ಗಮನವಿಟ್ಟು ಓದಲಿಲ್ಲ. ಕೆಳಗೆ, ಹೊಣೆಗಾರರು ಮೂವರು, ಗುಬ್ಬಚ್ಚಿ ಮತ್ತು ಅವನ ಕಂಪನಿಯ ಇಬ್ಬರು. ಕೊನೆಯ ಮಾತು ಇನ್ನು ಅವರದ್ದು. ಅಕ್ಕನಿಗೆ ‘ಎಲ್ಲ ಪದವಿಗಳಿಗೂ ಮೇಲಾದ’ ಒಂದು ವಿಶೇಷ ಪದವಿ: ಗೌರವ ಸಂಸ್ಥಾಪಕಿ. ಆ ಪದವಿಗೆ ಕೆಲಸವಿಲ್ಲ, ಹಕ್ಕಿಲ್ಲ. ಅವಳ ‘ಬೇಡ’ ಇನ್ನು ಲೆಕ್ಕಕ್ಕಿಲ್ಲ.

ಒಂದು ವಾರ ಆಗಿತ್ತು. ಯಾರೂ ಬೇಡ ಎಂದಿರಲಿಲ್ಲ. ಅನ್ನಬೇಕಾದವಳು ಅಮ್ಮನ ಮಂಚದ ಪಕ್ಕದಲ್ಲಿ ಬೆಡ್‌ಪ್ಯಾನ್ ಹಿಡಿದುಕೊಂಡು ಕೂತಿದ್ದಳು. ಅಲ್ಲಿ ಕೂರಿಸಿದವನೇ ಅವನು. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಅನ್ನುತ್ತಾರಲ್ಲ, ಇಲ್ಲಿ ಏಣಿಯನ್ನೂ ಅಕ್ಕನ ಕೈಲೇ ಮಾಡಿಸಿದ್ದರು.

ನಾನು ಅವತ್ತು ಎಗರಾಡಿದೆ. ಈಗಲೇ ಬರಿ, ಇದು ಮೋಸ ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ಬರಿ ಎಂದೆ. ಅಕ್ಕ ಕೀಲಿಮಣೆಯ ಮೇಲೆ ಕೈಯಿಟ್ಟಳು, ತೆಗೆದಳು. "ಏನಂತ ಬರೀಲಿ? ದೊರೆ ಅನ್ನೋ ಪದ ತೆಗೀರಿ ಅಂದೋಳು ನಾನು. ಈಗ ನನ್ನ ಜಾಗ ನನಗೆ ಕೊಡಿ ಅಂದ್ರೆ, ಆ ಹುಡುಗಿ ಏನಂದ್ಕೋತಾಳೆ?" ಎಂದಳು. ಸರಿಯಾಗಿ ಲೆಕ್ಕ ಹಾಕಿಯೇ ಮಾಡಿದ್ದರು. ಬಾಯಿ ತೆಗೆದರೆ ಪಟ್ಟಕ್ಕೆ ಅಂಟಿಕೊಂಡವಳು, ಮುಚ್ಚಿಕೊಂಡರೆ ಒಪ್ಪಿದವಳು. ಅವಳಿಗೆ ಮರ್ಯಾದೆ ಅನ್ನುವುದು ಇದೆ ಎಂದು ನಂಬಿ, ಆ ಮರ್ಯಾದೆಯಿಂದಲೇ ಅವಳ ಕೈ ಕಟ್ಟಿದ್ದರು. ನನಗಿದ್ದಷ್ಟು ನಾಚಿಕೆಗೇಡಿತನ ಅವಳಿಗಿದ್ದಿದ್ದರೆ ಬಚಾವಾಗುತ್ತಿದ್ದಳು.

ಗುಬ್ಬಚ್ಚಿಗೆ ಮಾತ್ರ ಫೋನು ಮಾಡಿದಳು. ಅವನು ಎತ್ತಿಕೊಂಡು "ಹೇಳಿ ಮೇಡಂ" ಅಂದನಂತೆ. ಅಕ್ಕ ಒಂದು ಕ್ಷಣ ಫೋನನ್ನು ಕಿವಿಯಿಂದ ತೆಗೆದು ನಂಬರು ನೋಡಿದಳು. ಯಾಕೋ ಹೀಗೆ ಮಾಡಿದೆ ಎಂದು ಕೇಳಿದ್ದಕ್ಕೆ, ನಿಮಗೆ ಹೊರೆ ಕಡಿಮೆಯಾಗಲಿ ಅಂತ ಮೇಡಂ, ನಿಮ್ಮ ಸ್ಥಾನ ಎಲ್ಲರಿಗಿಂತ ಮೇಲೆ ಅಂದನಂತೆ. ನಿಯಮದ ಪ್ರಕಾರವೇ ಮಾಡಿದ್ದೇವೆ, ನಿಯಮ ನಿಮ್ಮದೇ ಅಲ್ಲವೇ ಅಂದನಂತೆ. ಅಕ್ಕ ಫೋನಿಟ್ಟು ಬಂದು, ನನ್ನ ಹತ್ತಿರ ಅದನ್ನೆಲ್ಲ ಹೇಳಿದವಳು ಕೊನೆಗೆ ಅತ್ತದ್ದು ಒಂದೇ ಮಾತಿಗೆ. "ನನ್ನನ್ನ ಮೇಡಂ ಅಂದ ಕಣೇ" ಎಂದಳು. ಅಮ್ಮ ಒಳಗಿನಿಂದ ಕೇಳಿಸಿಕೊಂಡು, ಆ ಭಾನುವಾರದಿಂದ ಅವನ ತಟ್ಟೆಯನ್ನು ತೆಗೆದು ಮೇಲಿನ ಗೂಡಿಗಿಟ್ಟಳು. ಅವನು ಬರಲೂ ಇಲ್ಲ.

ಮುಂದಿನದು ಗೊತ್ತಿರುವಂಥದೇ. ಸ್ವಿಚ್ಚಿನ ಪ್ರಸ್ತಾಪ ಬಂತು. ಅಕ್ಕ ಬೇಡ ಎಂದು ಬರೆದಳು, ಯಾಕೆ ಬೇಡ ಎನ್ನುವುದನ್ನೂ ನನ್ನ ಮಣಿಕಟ್ಟಿನಿಂದ ಹಿಡಿದು ಬರೆದಳು. ‘ಗೌರವ ಸಂಸ್ಥಾಪಕಿಯವರ ಅಭಿಪ್ರಾಯವನ್ನು ಅತ್ಯಂತ ಆದರದಿಂದ ಗಮನಿಸಿದ್ದೇವೆ’ ಎಂದು ಉತ್ತರ ಬಂತು, ಕೈಮುಗಿಯುವ ಚಿತ್ರದ ಜೊತೆ. ವಾರ ಕಳೆದ ಮೇಲೆ ಸ್ವಿಚ್ ಪಾಳಿಯೊಳಗೆ ಸೇರಿತು. ಹಳೇದನ್ನೇ ಇಟ್ಟುಕೊಂಡು ಬೇರೆ ಹೆಸರಲ್ಲಿ ನೀನೇ ನಡೆಸು ಎಂದೆ ನಾನು. ನಡೆಸಬಹುದು, ಆದರೆ ಆಸ್ಪತ್ರೆಗಳು ನಂಬಿರುವುದು ಪಾಳಿ ಅನ್ನುವ ಹೆಸರನ್ನು, ಆ ಹೆಸರು ಅವರ ಹತ್ತಿರ ಇದೆ ಎಂದಳು.

ಹೋದ ತಿಂಗಳು ನಮ್ಮ ವಾರ್ಡಿನ ಗೋಡೆಗೆ ಹೊಸ ಹಾಳೆ ಅಂಟಿಸಿದರು. ಬುಧವಾರ ನನಗೆ ರಾತ್ರಿ ಪಾಳಿ. ಗುರುವಾರ ಮಧ್ಯಾಹ್ನ ಮತ್ತೆ ಡ್ಯೂಟಿ. ನಾನು ಸಿಸ್ಟರ್ ಇನ್‌ಚಾರ್ಜ್ ಹತ್ತಿರ ಹೋಗಿ ಕೇಳಿದೆ. ಅವರು ಕೆಟ್ಟವರಲ್ಲ, ನಿಜವಾಗಿಯೇ ಆಶ್ಚರ್ಯಪಟ್ಟರು. "ಕಂಪ್ಯೂಟರ್ ಹಾಕಿದ್ದಮ್ಮ. ನಿಮ್ಮಕ್ಕ ಮಾಡಿರೋದೇ ಅಲ್ವಾ ಇದು?" ಎಂದು ಹಾಳೆಯ ಕೆಳಗೆ ಬೆರಳಿಟ್ಟು ತೋರಿಸಿದರು. ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಪಾಳಿ. ಗೌರವ ಸಂಸ್ಥಾಪಕಿ, ಆಮೇಲೆ ಅಕ್ಕನ ಪೂರ್ತಿ ಹೆಸರು.

ಮನೆಗೆ ಬಂದು ಹೇಳಬಾರದು ಅಂದುಕೊಂಡಿದ್ದೆ. ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ? ಅಕ್ಕ ಎದ್ದು ಗುಬ್ಬಚ್ಚಿಗೆ ಫೋನು ಮಾಡಿದಳು. "ನನ್ನ ತಂಗಿಗೇ ಹಾಕಿದ್ದೀರಲ್ಲೋ" ಅಂದಳು. ಅದು ಆಸ್ಪತ್ರೆಯವರ ಆಯ್ಕೆ ಮೇಡಂ ಅಂದ. ಹಾಗಾದರೆ ಆ ಪದವಿಯನ್ನೂ ನನ್ನ ಹೆಸರನ್ನೂ ಅಲ್ಲಿಂದ ತೆಗಿ, ಇವತ್ತೇ ತೆಗಿ ಎಂದಳು. ನಾನೊಬ್ಬನೇ ತೆಗೆಯುವ ಹಾಗಿಲ್ಲ, ನೀವು ಪ್ರಸ್ತಾಪ ಇಡಿ, ವಾರದಲ್ಲಿ ಹೊಣೆಗಾರರು ಯಾರೂ ಬೇಡ ಅನ್ನದಿದ್ದರೆ ತೆಗೆಯುತ್ತೇವೆ ಎಂದ.

ಅಕ್ಕ ಅಲ್ಲೇ ಕೂತು ಬರೆದಳು. ‘ನನಗೆ ಈ ಗೌರವ ಬೇಕಾಗಿಲ್ಲ. ನನ್ನ ಹೆಸರನ್ನು ಎಲ್ಲ ಕಡೆಯಿಂದಲೂ ತೆಗೆಯಬೇಕು.’ ಅಷ್ಟೇ. ಅಮ್ಮ ಕೋಲೂರಿಕೊಂಡು ಬಂದು ಹಿಂದೆ ನಿಂತಳು. ನಾನು ಟೀ ಮಾಡಿ ತರುವಷ್ಟರಲ್ಲಿ ಗುಬ್ಬಚ್ಚಿಯ ಉತ್ತರ ಬಂದಿತ್ತು.

‘ಬೇಡ. ಆಸ್ಪತ್ರೆಗಳು ನಮ್ಮನ್ನು ನಂಬುವುದೇ ನಿಮ್ಮ ಹೆಸರು ನೋಡಿ, ಮೇಡಂ.’

ಅಕ್ಕ ಅದನ್ನು ಎರಡು ಸಲ ಓದಿ ಕಂಪ್ಯೂಟರ್ ಆರಿಸಿದಳು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಬುಧವಾರ ರಾತ್ರಿ ಎಷ್ಟು ಗಂಟೆಗೆ ಹೊರಡುತ್ತೀಯ ಎಂದಷ್ಟೇ ಕೇಳಿದಳು.

ಗುರುವಾರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದಾಗ ಅವಳು ನಿಲ್ದಾಣದಲ್ಲಿ ನಿಂತಿದ್ದಳು, ಡಿಪೋಗೆ ರಜೆ ಹಾಕಿ. ಏನು ಮೇಡಂ ಇಲ್ಲಿ ಎಂದು ರೇಗಿಸಲು ಹೋದೆ. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಮನೆಯ ಮೆಟ್ಟಿಲು ಹತ್ತುವಾಗ ನನ್ನ ಎಡಗೈಯನ್ನು ಮಣಿಕಟ್ಟಿನ ಹತ್ತಿರ ಬಿಗಿಯಾಗಿ ಹಿಡಿದುಕೊಂಡಳು. ಬೀಳಲ್ಲ ಬಿಡೇ ಎಂದೆ.

"ನನ್ನ ಹೆಸರು ಹಾಕ್ಕೊಂಡು ಬೀಳಿಸ್ತಾರೆ" ಎಂದಳು, ಮೇಲೆ ಬಾಗಿಲು ತಲುಪುವವರೆಗೂ ಕೈ ಬಿಡಲಿಲ್ಲ.